ಪಟದಲ್ಲಿ ಬಾರದ ಮೀನುಗಾರ

“ಇಲ್ಲ ಇಲ್ಲ, ಆರಾಮಾಗಿ ಓಡಾಡಿ. ನೀವು ಪಟದಲ್ಲಿ ಬರೋದೇ ಇಲ್ಲ.”

ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ಊರು ವಿಟ್ಬಿಯ ಮೀನು ಧಕ್ಕೆಯಲ್ಲಿ ಈ ವಾರ ಕಿವಿಗೆ ಬಿದ್ದ ಮಾತು. ಅಂದವನು ಟ್ರೈಪಾಡ್ ಹೂಡಿಕೊಂಡಿದ್ದ ಹವ್ಯಾಸಿ ಫೋಟೋಗ್ರಾಫರ್. ಅನ್ನಿಸಿಕೊಂಡವನು ದೋಣಿಯಿಂದ ಲಾಬ್‌ಸ್ಟರ್ ಹಿಡಿಯುವ ಬುಟ್ಟಿಗಳನ್ನೆತ್ತಿ ಧಕ್ಕೆಯ ಮೇಲೆ ಪೇರಿಸುತ್ತಿದ್ದ ಮೀನುಗಾರ. “ನಾನು ಅಡ್ಡ ಬರ್ತಿದ್ದೀನಾ?” ಅಂತ ಅವನೇ ಮುಂದಾಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ. ಸೌಜನ್ಯಕ್ಕೆ ಸೌಜನ್ಯ, ಇಬ್ಬರಲ್ಲಿ ಯಾರೂ ಮುಖ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತು ಕೇಳಿದ ಕಿವಿಯನ್ನು ಮಾತ್ರ ಆ ಮಾತು ಬಿಟ್ಟು ಹೋಗುತ್ತಿಲ್ಲ.

ಹವ್ಯಾಸಿ ಸುಳ್ಳೇನೂ ಹೇಳಿರಲಿಲ್ಲ. ಅವನ ಲೆನ್ಸಿನ ಮುಂದಿದ್ದದ್ದು ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್, ಬೆಳಕು ತಗ್ಗಿಸುವ ಕಪ್ಪು ಗಾಜು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ, ಹತ್ತು ಸ್ಟಾಪ್ ಅಂದರೆ ಒಳಗೆ ಬರುವ ಬೆಳಕು 1024ರಲ್ಲಿ ಒಂದು ಪಾಲು. 1/30 ಸೆಕೆಂಡಿನಲ್ಲಿ ಮುಗಿಯಬೇಕಾದ ಪಟಕ್ಕೆ 34 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಎಸ್ಕ್ ನದಿಯ ನೀರು ಕೆನೆಗಟ್ಟಿದ ಹಾಲಿನಂತೆ ಮಟ್ಟಸವಾಗುತ್ತದೆ. ಎದುರು ದಡದ ಕೆಂಪು ಹೆಂಚಿನ ಮನೆಗಳು, ಗುಡ್ಡದ ಮೇಲಿನ ಸೇಂಟ್ ಮೇರಿ ಚರ್ಚು, ಅದರಾಚೆ ಆ್ಯಬಿಯ, ಅಂದರೆ ಹಳೆಯ ಕ್ರೈಸ್ತ ಮಠದ, ಪಾಳುಗೋಡೆ ಕದಲದೆ ನಿಲ್ಲುತ್ತವೆ. ಓಡಾಡುವ ಮನುಷ್ಯ ಒಂದೊಂದು ಜಾಗದಲ್ಲಿ ಒಂದು ಸೆಕೆಂಡೂ ಇರುವುದಿಲ್ಲ. ಒಟ್ಟು ಬೆಳಕಿನಲ್ಲಿ ಅವನ ಪಾಲು ಅಷ್ಟು ಸಣ್ಣದಾದ್ದರಿಂದ ಹಿಂದಿನ ಗೋಡೆಯ ಬೆಳಕು ಅವನನ್ನು ಅಳಿಸಿಬಿಡುತ್ತದೆ. ಹಳದಿ ಓವರಾಲ್ ತೊಟ್ಟಿದ್ದರೆ ಮಬ್ಬು ಗೆರೆಯೊಂದು ಉಳಿಯಬಹುದು. ಅದನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಒರೆಸಿದರಾಯಿತು.

ಈ ಕ್ರಮದಲ್ಲಿ ಕೈಕೊಡುವುದು ಮನುಷ್ಯರಲ್ಲ, ದೋಣಿಗಳು. ಹಗ್ಗ ಬಿಗಿದ ದೋಣಿ ಸುಮ್ಮನೆ ನಿಂತಂತೆ ಕಾಣುತ್ತದೆ. ಅರ್ಧ ನಿಮಿಷದಲ್ಲಿ ಅದು ತೂಗಾಡಿ ಒಂದು ಕಂಬ ಮೂರಾಗಿರುತ್ತದೆ. ಪರಿಹಾರ ಎರಡು. ಟ್ರೈಪಾಡ್ ಅಲುಗಿಸದೆ ಫಿಲ್ಟರ್ ತೆಗೆದು 1/125ರಲ್ಲಿ ಇನ್ನೊಂದು ಪಟ ಹಿಡಿದು, ದೋಣಿಯನ್ನು ಅದರಿಂದ ತೆಗೆದು ಕೂಡಿಸುವುದು. ಇಲ್ಲವೇ ಇಳಿತಕ್ಕೆ ಕಾಯುವುದು. ಆಗ ನದಿಯ ಸೇತುವೆಯಿಂದ ಮೇಲ್ದಿಕ್ಕಿನಲ್ಲಿ ಸಣ್ಣ ದೋಣಿಗಳು ಕೆಸರಿನಲ್ಲಿ ಕೂತಿರುತ್ತವೆ. ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ತಿರುಗಿಸಿ, ಆಮೇಲೆ ಫಿಲ್ಟರ್ ಹಾಕಬೇಕು. ಹಾಕಿದ ಮೇಲೆ ಕ್ಯಾಮೆರಾ ಕತ್ತಲಲ್ಲಿ ತಡಕಾಡುತ್ತದೆ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿ ಮುಚ್ಚಿ, ಅಲ್ಲಿಂದಲೂ ಬೆಳಕು ನುಗ್ಗುತ್ತದೆ. ಗಾಳಿಯ ದಿನ ಟ್ರೈಪಾಡಿಗೆ ಚೀಲ ತೂಗಿಬಿಡುವವರಿದ್ದಾರೆ. ಚೀಲ ನೆಲಕ್ಕೆ ತಾಗಿರಬೇಕು, ತೂಗಾಡಿದರೆ ಅದೇ ಕ್ಯಾಮೆರಾವನ್ನು ಅಲ್ಲಾಡಿಸುತ್ತದೆ. ಗಾಜಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಖಂಡಿತ. ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಒಣಗಿದ್ದು.

ಇಷ್ಟೆಲ್ಲ ಪಾಡುಪಟ್ಟು ಸಾಧಿಸಿದ್ದು ಒಬ್ಬ ಮನುಷ್ಯನನ್ನು ಮಾಯ ಮಾಡುವುದನ್ನು. ಅದೂ ಯಾವ ಊರಿನಲ್ಲಿ! ಫೋಟೋಗ್ರಾಫರ್ ಫ್ರಾಂಕ್ ಮೆಡೋ ಸಟ್‌ಕ್ಲಿಫ್ (1853–1941) ಸ್ಟುಡಿಯೋ ನಡೆಸಿದ ಊರು ಇದು. ಹೊಟ್ಟೆಪಾಡಿಗೆ ಪ್ರವಾಸಿಗರ ಭಾವಚಿತ್ರ, ಮನಸ್ಸಿಗೆ ಇದೇ ಬಂದರಿನ ಮೀನುಗಾರರು. ಮರ-ಹಿತ್ತಾಳೆಯ ದೊಡ್ಡ ಕ್ಯಾಮೆರಾ, ಎಂಟೂವರೆಗೆ ಆರೂವರೆ ಅಂಗುಲದ ಗಾಜಿನ ಪ್ಲೇಟು. ಆ ಕಾಲದ ಪ್ಲೇಟುಗಳು ನಿಧಾನದವು. ಎದುರಿಗಿದ್ದವರು ಅಲುಗಿದರೆ ಪಟ ಹೋಯಿತು. ಹಾಗಾಗಿ ಸಟ್‌ಕ್ಲಿಫ್ ಆ ಜನರನ್ನು ಮಾತಾಡಿಸಬೇಕಿತ್ತು, ನಿಲ್ಲಿಸಬೇಕಿತ್ತು, ನಿಂತದ್ದು ಗೊತ್ತಾಗದಂತೆ ನಿಲ್ಲಿಸಬೇಕಿತ್ತು. ಬಲೆ ಹೆಣೆಯುವ ಹೆಂಗಸರು, ಕಟಕಟೆಗೆ ಒರಗಿದ ಮುದುಕರು ಇವತ್ತಿಗೂ ಹೆಸರಿಟ್ಟು ಕರೆಯುವಷ್ಟು ಸ್ಪಷ್ಟ. ಬೆತ್ತಲೆ ಹುಡುಗರು ದೋಣಿಯ ಸುತ್ತ ನೀರಾಟವಾಡುವ 1886ರ ‘ವಾಟರ್ ರ‍್ಯಾಟ್ಸ್’ ಪಟಕ್ಕೆ ಊರಿನ ಪಾದ್ರಿಗಳು ಕೆಂಡವಾದರಂತೆ. ಕೆಂಡವಾಗುವುದಕ್ಕಾದರೂ ಪಟದಲ್ಲಿ ಜನ ಇದ್ದರಲ್ಲ.

ಸಟ್‌ಕ್ಲಿಫ್‌ನ ನಿಧಾನದ ಪ್ಲೇಟು ಜನರನ್ನು ಹಿಡಿದು ನಿಲ್ಲಿಸಿತು, ನಮ್ಮ ದುಬಾರಿ ನಿಧಾನ ಜನರನ್ನು ಗುಡಿಸಿಹಾಕುತ್ತಿದೆ. “ನೀವು ಪಟದಲ್ಲಿ ಬರೋದೇ ಇಲ್ಲ” ಎಂದು ಸಮಾಧಾನದ ದನಿಯಲ್ಲಿ ಹೇಳಬಹುದಾದ ಮಾತಾಗಿಬಿಟ್ಟಿದೆ, ಅದೇ ಆಶ್ಚರ್ಯ.

ಕದಲದೆ ನಿಂತಿದೆ ಅಂದೆನಲ್ಲ ಆ ಆ್ಯಬಿ, ಅದರ ಕಥೆಯೂ ಅಷ್ಟಕ್ಕಷ್ಟೆ. 657ರಲ್ಲಿ ಸಂತ ಹಿಲ್ಡಾ ಕಟ್ಟಿಸಿದ ಮಠ ಈಗಿಲ್ಲ. ಕಾಣುವ ಕಲ್ಲುಗಳು ಹದಿಮೂರನೆಯ ಶತಮಾನ ಮತ್ತು ಆಮೇಲಿನವು. 1762ರಲ್ಲಿ ಉದ್ದಂಗಣದ ಭಾಗ ಕುಸಿಯಿತು, 1830ರಲ್ಲಿ ನಡುಗೋಪುರ ಬಿತ್ತು. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳ ಗುಂಡು ಪಶ್ಚಿಮದ ಮುಖಕ್ಕೆ ಬಡಿಯಿತು. ಎಕ್ಸ್‌ಪೋಷರ್ ಸಾಕಷ್ಟು ಉದ್ದ ಇಟ್ಟರೆ ಅದೂ ಮಬ್ಬಾಗಿಯೇ ಬರುತ್ತದೆ.

ಹೋಗುವವರಿಗೆ ಎರಡು ಪಟ ತಪ್ಪುವುದಿಲ್ಲ: ಕೊಳದಲ್ಲಿ ಬಿದ್ದ ಆ್ಯಬಿಯ ನೆರಳು ಮತ್ತು ಪಶ್ಚಿಮ ಗುಡ್ಡದ ತಿಮಿಂಗಿಲದ ಎಲುಬಿನ ಕಮಾನಿನೊಳಗೆ ಕಾಣುವ ಆ್ಯಬಿ. ಕಮಾನು 1753ರಿಂದ 1837ರವರೆಗೆ ಇಲ್ಲಿಂದ ಹೊರಟ ತಿಮಿಂಗಿಲ ಬೇಟೆಯ ನೆನಪು. ಈಗಿರುವ ಎಲುಬು ಮಾತ್ರ 2003ರಲ್ಲಿ ಅಲಾಸ್ಕಾದಿಂದ ಬಂದದ್ದು. ಅಗಲ ಲೆನ್ಸ್ ಹಾಕಿದರೆ ಆ್ಯಬಿ ಬೆಂಕಿಕಡ್ಡಿಯ ಗಾತ್ರಕ್ಕೆ ಇಳಿಯುತ್ತದೆ. ಹಿಂದೆ ಸರಿದು 50ರಿಂದ 70 ಮಿ.ಮೀ. ಬಳಸಿ. ಬೆಳಿಗ್ಗೆ ಸೂರ್ಯ ಆ್ಯಬಿಯ ಬೆನ್ನಿಗಿರುತ್ತಾನೆ, ಕಪ್ಪು ಆಕಾರ ಮಾತ್ರ ಸಿಗುತ್ತದೆ. ಕಲ್ಲಿನ ಬಣ್ಣ ಬೇಕಾದರೆ ಸಂಜೆ. ಕರಾವಳಿ ಉತ್ತರಕ್ಕೆ ಮುಖ ಮಾಡಿರುವುದರಿಂದ ಜೂನ್ ಕೊನೆಯ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಸಮುದ್ರದಲ್ಲೇ. ಹುಟ್ಟು ನಾಲ್ಕೂವರೆಯ ಸುಮಾರಿಗೆ, ಮುಳುಗು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಎರಡೂ ದಕ್ಕುವುದಿಲ್ಲ.

ಊರಿನಿಂದ ಚರ್ಚಿಗೆ ಹತ್ತುವ 199 ಮೆಟ್ಟಿಲುಗಳಲ್ಲಿ ಟ್ರೈಪಾಡ್ ಇಡಲು ಜಾಗ ನಡುನಡುವಿನ ಅಗಲದ ತಂಗುಗಳು. ಚರ್ಚಿಗೆ ಶವಪೆಟ್ಟಿಗೆ ಹೊರುತ್ತಿದ್ದವರು ಭಾರ ಇಳಿಸಿ ಉಸಿರಾಡಲು ಮಾಡಿದವು. ಮೇಲಿನ ಸಮಾಧಿಕಲ್ಲುಗಳನ್ನು ಉಪ್ಪುಗಾಳಿ ತಿಂದುಹಾಕಿದೆ. ನೇರ ಬೆಳಕಿನಲ್ಲಿ ಅಕ್ಷರ ಕಾಣದು, ಟಾರ್ಚನ್ನು ಕಲ್ಲಿನ ಅಂಚಿಗೆ ಓರೆಯಾಗಿ ಹಿಡಿದರೆ ಅಳಿದುಳಿದ ಹೆಸರು ಎದ್ದು ಬರುತ್ತದೆ.

ಉಬ್ಬರದ ವೇಳಾಪಟ್ಟಿ ನೋಡುವಾಗ ಅದು ಜಿಎಂಟಿಯಲ್ಲಿ (ಗ್ರೀನಿಚ್ ಕಾಲಮಾನ) ಇದೆಯೇ ಅಂತ ಗಮನಿಸಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಧಕ್ಕೆಯಲ್ಲಿ ಈ ತಪ್ಪಿಗೆ ಒಂದು ಪಟ ಹೋಗಬಹುದು. ಪೂರ್ವದ ಬಂಡೆಗಳ ಮೇಲೆ ಸಾಲ್ಟ್‌ವಿಕ್ ಕೊಲ್ಲಿಯ ಕಡೆ ನಡೆದವರಿಗೆ ನೀರು ಏರಿ ವಾಪಸು ಬರುವ ದಾರಿಯೇ ಹೋಗುತ್ತದೆ. 1908ರ ತಿರುಗುಸೇತುವೆ ದೋಣಿಗಳಿಗಾಗಿ ತೆರೆಯುವುದು ಉಬ್ಬರದ ಹಿಂದುಮುಂದಿನ ಎರಡೆರಡು ಗಂಟೆಗಳಲ್ಲಿ. ಸೇತುವೆ ತೆರೆದಾಗ ಎರಡೂ ತುದಿಯಲ್ಲಿ ಜನ ತಾವಾಗಿಯೇ ನಿಲ್ಲುತ್ತಾರೆ, ಯಾರನ್ನೂ ಕೇಳಿಕೊಳ್ಳಬೇಕಾಗಿಲ್ಲ.

ನೀರೂ ಮೃದುವಾಗಬೇಕು, ಮನುಷ್ಯನೂ ಉಳಿಯಬೇಕು ಅಂದರೆ ಹತ್ತು ಸ್ಟಾಪ್ ಬಿಟ್ಟು ಆರು ಸ್ಟಾಪಿನ ಫಿಲ್ಟರ್ ಹಾಕಿ. 1/125 ಅರ್ಧ ಸೆಕೆಂಡಾಗುತ್ತದೆ. ಬುಟ್ಟಿ ಎತ್ತುವವನು ಎತ್ತುವ ಮೊದಲು ಹಿಡಿತ ಸರಿಮಾಡಿಕೊಳ್ಳಲು ಒಂದು ಗಳಿಗೆ ನಿಲ್ಲುತ್ತಾನೆ, ಆಗ ಒತ್ತಬೇಕು. ಸಾಲಾಗಿ ಹಿಡಿದರೆ ಒಂದೆರಡರಲ್ಲಾದರೂ ಮುಖ ನಿಂತಿರುತ್ತದೆ. 2021ರ ಶರತ್ಕಾಲದಲ್ಲಿ ಈ ಕರಾವಳಿಯುದ್ದಕ್ಕೂ ಏಡಿ, ಲಾಬ್‌ಸ್ಟರ್‌ಗಳು ರಾಶಿರಾಶಿ ಸತ್ತು ದಡಕ್ಕೆ ಬಂದವು. ಕಾರಣದ ಬಗ್ಗೆ ತಜ್ಞರಿಗೂ ಮೀನುಗಾರರಿಗೂ ವಾದ ನಡೆಯಿತು. ಅದಾದ ಮೇಲೂ ಬುಟ್ಟಿ ಪೇರಿಸುತ್ತಿರುವವನು ಆ್ಯಬಿಗಿಂತ ಕಡಿಮೆ ಪಾರಂಪರಿಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಫಿಲ್ಟರ್ ಇಲ್ಲದಿದ್ದರೂ ನಡೆಯುತ್ತದೆ: 35 ಮಿ.ಮೀ., ಎಫ್/5.6, 1/250. ಮಂಜು ಕವಿದ ದಿನ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು ಏರಿಸಿ, ಇಲ್ಲದಿದ್ದರೆ ಬಿಳುಪು ಬೂದುಬಣ್ಣಕ್ಕೆ ತಿರುಗುತ್ತದೆ. ಹಗ್ಗಗಳನ್ನು ದಾಟಬೇಡಿ. ಸಾರ್ವಜನಿಕ ಜಾಗದಲ್ಲಿ ಪಟ ತೆಗೆಯಲು ಕಾನೂನು ಅಪ್ಪಣೆ ಕೇಳುವುದಿಲ್ಲ, ನೀವು ಕೇಳಿ. ಬೇಡ ಅಂದರೆ ಆ್ಯಬಿ ಇದ್ದೇ ಇದೆ.