ನೇರಳೆ ಮುಚ್ಚಳದ ಟ್ಯೂಬು

ಹದಿನೆಂಟು ವರ್ಷಗಳಿಂದ ಪುಟ್ಟ ತೋಳುಗಳಲ್ಲಿ ನರ ಹುಡುಕುವುದೇ ನನ್ನ ಕೆಲಸ. ಈಚೆಗೆ ಸೂಜಿ ಚುಚ್ಚುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: “ಮೇಡಂ, ಇದರಲ್ಲಿ ಆಟಿಸಂ ಗೊತ್ತಾಗುತ್ತದೆಯೇ?” ಕೇಳುವವರ ಮೊಬೈಲಿನಲ್ಲಿ ‘ರಕ್ತಪರೀಕ್ಷೆಯಿಂದ ಪತ್ತೆ, ಶೇ 95 ನಿಖರ’ ಎಂಬಂಥ ಸುದ್ದಿ ತೆರೆದೇ ಇರುತ್ತದೆ.

ಕಳೆದ ವಾರ ಬಂದ ಮೂರು ವರ್ಷದ ಹುಡುಗ ಸೂಜಿಗೆ ಅಳಲಿಲ್ಲ. ಟ್ರೇಯಲ್ಲಿದ್ದ ಖಾಲಿ ಟ್ಯೂಬುಗಳನ್ನು ಮುಚ್ಚಳದ ಬಣ್ಣ ನೋಡಿ ಸಾಲಾಗಿ ಜೋಡಿಸಿದ್ದ. ನಾನು ನೇರಳೆ ಮುಚ್ಚಳದ್ದೊಂದನ್ನು ಎತ್ತಿದ್ದೇ ತಡ, ಕಿರುಚಿಕೊಂಡ. ಅದೇ ಜಾಗಕ್ಕೆ ಇನ್ನೊಂದು ನೇರಳೆ ಬಂದ ಮೇಲೆಯೇ ಸುಮ್ಮನಾದದ್ದು.

ಚೀಟಿಯಲ್ಲಿದ್ದದ್ದು ಎರಡು ಪರೀಕ್ಷೆ: ಫ್ರಜೈಲ್ ಎಕ್ಸ್ ಮತ್ತು ಕ್ರೋಮೋಸೋಮಲ್ ಮೈಕ್ರೋಅರೇ. ಆಟಿಸಂ ಇದೆಯೇ ಎಂದು ವೈದ್ಯರು ನಿರ್ಧರಿಸುವುದು ಮಗುವಿನ ನಡವಳಿಕೆ ನೋಡಿ; ಇವು ಅದನ್ನು ಹೇಳುವುದಿಲ್ಲ. ಅದರ ಹಿಂದೆ ಗೊತ್ತಿರುವ ಆನುವಂಶಿಕ ಕಾರಣವೇನಾದರೂ ಇದೆಯೇ ಎಂದು ಹುಡುಕುತ್ತವೆ. ಬಹುಪಾಲು ಮಕ್ಕಳಲ್ಲಿ ಎರಡೂ ಸಹಜವೆಂದೇ ಬರುತ್ತವೆ. ಆ ಕಾಗದ ಹಿಡಿದು “ಹಾಗಾದರೆ ಏನೂ ಇಲ್ಲ” ಎಂದು ನಿಟ್ಟುಸಿರುಬಿಟ್ಟು ಹೋದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ರಕ್ತದಲ್ಲಿ ಗುರುತು ಹುಡುಕುವ ಕೆಲಸ ಹೊಸದಲ್ಲ. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿರುವುದು 1961ರಲ್ಲೇ ವರದಿಯಾಗಿತ್ತು. ಅದು ಕಾಣುವುದು ಸುಮಾರು ನಾಲ್ವರಲ್ಲಿ ಒಬ್ಬರಲ್ಲಿ. ಅದೂ ಪ್ಲೇಟ್‌ಲೆಟ್‌ಗಳೊಳಗಿನ ಸೆರೊಟೋನಿನ್, ಅಲ್ಲಿಂದ ಮಿದುಳಿಗೆ ದಾಟುವುದಿಲ್ಲ. 2018ರಲ್ಲಿ ಆಟಿಸಂ ಇರುವ 516 ಮಕ್ಕಳ ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಅಳೆದರು. ಅವುಗಳ ಏರುಪೇರು ಸಿಕ್ಕಿದ್ದು ಶೇ 17ರಷ್ಟು ಮಕ್ಕಳಲ್ಲಿ. ನನ್ನಂಥವಳಿಗೆ ಇಲ್ಲಿ ಬೇರೆಯದೇ ಚಿಂತೆ. ಮಗು ಯಾವಾಗ ಉಂಡಿತ್ತು? ಟ್ಯೂಬು ಮೇಜಿನ ಮೇಲೆ ಎಷ್ಟು ಹೊತ್ತು ಬಿದ್ದಿತ್ತು? ಹಾಗೇ ಬಿಟ್ಟರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಒಡೆದು ಗ್ಲುಟಮೇಟ್ ಆಗುತ್ತದೆ. ಆಮೇಲೆ ಯಂತ್ರ ಅಳೆಯುವುದು ಮಗುವನ್ನಲ್ಲ, ನನ್ನ ಸೋಮಾರಿತನವನ್ನು.

ಇನ್ನು ಆ ಶೇ 95. ನೂರು ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಎಂದಿಟ್ಟುಕೊಳ್ಳಿ. ಸಾವಿರ ಮಕ್ಕಳನ್ನು ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಕ್ಕಿಬೀಳುತ್ತವೆ, ಸರಿ. ಉಳಿದ 990ರಲ್ಲಿ ಶೇ 5, ಅಂದರೆ ಐವತ್ತು ಮಕ್ಕಳಿಗೆ ಸುಮ್ಮಸುಮ್ಮನೆ ‘ಇದೆ’ ಎಂದು ಬರುತ್ತದೆ. ಪ್ರಯೋಗದಲ್ಲಿ ಅರ್ಧ ಮಕ್ಕಳು ಆಟಿಸಂ ಇರುವವರು, ಅರ್ಧ ಇಲ್ಲದವರು ಇದ್ದರೆ ಈ ಐವತ್ತರ ಲೆಕ್ಕ ಕಣ್ಣಿಗೇ ಬೀಳುವುದಿಲ್ಲ.

ಹತ್ತಿ ಒತ್ತಿ ಹಿಡಿದು, ಗೋಡೆಯ ಮೇಲಿನ ಹಕ್ಕಿಯ ಚಿತ್ರದತ್ತ ಬೆರಳು ತೋರಿಸಿದೆ. ಹುಡುಗ ಅತ್ತ ನೋಡಲಿಲ್ಲ. ಒಂದು ಸಲದ ನೋಟದಿಂದ ಏನನ್ನಾದರೂ ಹೇಳಲು ನಾನು ವೈದ್ಯೆಯಲ್ಲ. ಆದರೂ ತಾಯಿಗೆ, “ಟ್ಯೂಬು ಜೋಡಿಸಿದ್ದನ್ನು ಡಾಕ್ಟರಿಗೆ ಹೇಳಿ” ಎಂದೆ.

“ಮನೆಯಲ್ಲಿ ಚಪ್ಪಲಿಗಳನ್ನೂ ಹೀಗೇ ಇಡುತ್ತಾನೆ,” ಎಂದರು.

“ಅದನ್ನೂ ಹೇಳಿ.”