ಪಾವಗಡದ ಬಕೆಟ್, ಏಳನೇ ಭಾನುವಾರ: 0.6 ಅಂದದ್ದು ಸುಳ್ಳು

ಹೋದ ಸಲ ಖುಷಿಯಲ್ಲಿ ಬರೆದಿದ್ದೆ, ಬೋರ್‌ವೆಲ್ ನೀರಲ್ಲಿ 3.4 ಇದ್ದ ಫ್ಲೋರೈಡ್ ಫ್ಲೋರೈಡ್ ತೆಗೆಯಲು ನಾವು ಮಾಡಿದ ಬಕೆಟ್ಟಿನಿಂದ ಹೊರಗೆ ಬರುವಾಗ 0.6 ಆಗಿದೆ ಅಂತ. ಆ ಮಾತನ್ನು ವಾಪಸ್ ತಗೋತಿದ್ದೇನೆ. ನಿಜವಾದ ಅಂಕಿ 1.8. ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 1, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಸೈ. ಅಂದರೆ ನಾವು ಫೇಲು.

ಹೊಸಬರಿಗೆ ಚಿಕ್ಕದಾಗಿ: ನಾವು ನಾಲ್ಕು ಜನ. ಮೂವರು ವಾರವಿಡೀ ಔಷಧಿ ಕಂಪನಿಗಳ ಲ್ಯಾಬಿನಲ್ಲಿ ಮಾತ್ರೆ ಪರೀಕ್ಷೆ ಮಾಡುವವರು, ಒಬ್ಬರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಭಾನುವಾರ ಬೆಳಗ್ಗೆ ಬೆಂಗಳೂರು ಬಿಟ್ಟು ಪಾವಗಡದ ಕಡೆ ಒಂದು ಹಳ್ಳಿಗೆ ಹೋಗುತ್ತೇವೆ. ಅಲ್ಲಿನ ಕಲ್ಲಿನಲ್ಲೇ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತಿತ್ತು, ಆದರೆ ಅಲ್ಲಿನ ನೀರು ಸೋಡಾ ಗುಣದ್ದು, ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಕಲ್ಲಿನಿಂದ ಬಿಟ್ಟ ಫ್ಲೋರೈಡ್ ಆರಾಮಾಗಿ ನೀರಲ್ಲೇ ಉಳಿಯುತ್ತದೆ. ಮಕ್ಕಳ ಹಲ್ಲಲ್ಲಿ ಕಂದು ಗೆರೆ, ವಯಸ್ಸಾದವರಿಗೆ ಬಗ್ಗದ ಮಂಡಿ. ಕೆಲವರು ನೀರು ಕಾಯಿಸಿ ಕುಡಿಯುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ ಅಷ್ಟೇ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ನಮ್ಮ ಬಕೆಟ್ ಹೊಸ ಸಂಶೋಧನೆ ಏನಲ್ಲ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನ: ಆಲಂ (ಪಟಿಕ, ಅಲ್ಯೂಮಿನಿಯಂ ಇರುವ ಉಪ್ಪು), ಸುಣ್ಣ, ಚೂರು ಬ್ಲೀಚಿಂಗ್ ಪೌಡರ್. ಕಲಕಿದರೆ ಮೋಡದಂಥ ಗಸಿ ಆಗುತ್ತದೆ, ಫ್ಲೋರೈಡ್ ಅದಕ್ಕೆ ಅಂಟಿಕೊಂಡು ಕೆಳಗಿಳಿಯುತ್ತದೆ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳುವುದು. ಕರೆಂಟ್ ಬೇಡ, ಸಾಮಾನು ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೇ ಇದನ್ನು ಹಿಡಿದುಕೊಂಡದ್ದು.

ಈಗ ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ನಾವು ಅಳೆಯುತ್ತಿದ್ದದ್ದು ಸ್ಪ್ಯಾಡ್ನ್ಸ್ ಬಣ್ಣದಿಂದ. ಜಿರ್ಕೋನಿಯಂ ಅನ್ನೋ ಲೋಹದ ಜೊತೆ ಕೂಡಿದ ಕೆಂಪು ಬಣ್ಣ ಅದು. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಕೆಂಪು ಬಿಳಚುತ್ತದೆ. ಆದರೆ ನೀರಲ್ಲಿ ಅಲ್ಯೂಮಿನಿಯಂ ಉಳಿದಿದ್ದರೆ ಫ್ಲೋರೈಡ್ ಮೊದಲು ಅದರ ಕೈ ಹಿಡಿಯುತ್ತದೆ, ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. ಕೆಂಪು ಹಾಗೇ ಉಳಿಯುತ್ತದೆ, ನಾವು 'ಫ್ಲೋರೈಡ್ ಹೋಯ್ತು' ಅಂತ ಚಪ್ಪಾಳೆ ತಟ್ಟುತ್ತೇವೆ. ಲೀಟರಿಗೆ 0.1 ಮಿಲಿಗ್ರಾಂ ಅಲ್ಯೂಮಿನಿಯಂ ಇದ್ದರೂ ಲೆಕ್ಕ ಸುಮಾರು 0.1 ಕಮ್ಮಿ ಬರುತ್ತದೆ. ಕೂಡಲೇ ಓದದೆ ಎರಡು ಗಂಟೆ ಬಿಟ್ಟು ಓದಿದ್ದರೆ ತಪ್ಪು ಕಡಿಮೆ ಆಗುತ್ತಿತ್ತು. ಇದೆಲ್ಲ ಸ್ಪ್ಯಾಡ್ನ್ಸ್ ವಿಧಾನದಲ್ಲಿ ಯಾವುದು ಅಡ್ಡಿ ಮಾಡುತ್ತದೆ ಅನ್ನುವ ಟೇಬಲ್ಲಿನಲ್ಲೇ ಇದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಬಣ್ಣ ಕೆಡಿಸುತ್ತದೆ ಅಂತ ಅದನ್ನು ಮಾತ್ರ ಜೋಪಾನವಾಗಿ ತೆಗೆದಿದ್ದೆವು, ಬಕೆಟ್ಟಿಗೆ ಆಲಂ ಸುರಿಯುವವರೇ ಅಲ್ಯೂಮಿನಿಯಂ ಸಾಲನ್ನು ಓದದೆ ದಾಟಿದ್ದೆವು. ನಾಚಿಕೆ.

ಅನುಮಾನ ಬಂದದ್ದು ಮೇಷ್ಟ್ರಿಗೆ. 'ಇಷ್ಟು ಚೆನ್ನಾಗಿ ಬರಬಾರದು ಕಣಯ್ಯಾ' ಅಂದರು. ಒಂದು ಕಾಲೇಜಿನಿಂದ ಫ್ಲೋರೈಡ್ ಎಲೆಕ್ಟ್ರೋಡ್ ಕಡ ತಂದೆವು, ಬಣ್ಣ ನೋಡದೆ ಫ್ಲೋರೈಡನ್ನು ಮಿಲಿವೋಲ್ಟಿನಲ್ಲಿ ಅಳೆಯುವ ಕಡ್ಡಿ ಅದು. 0.221 ಗ್ರಾಂ ಸೋಡಿಯಂ ಫ್ಲೋರೈಡ್ ಒಂದು ಲೀಟರಿಗೆ ಕರಗಿಸಿದರೆ 100ರ ದ್ರಾವಣ, ಅದನ್ನೇ ತೆಳು ಮಾಡಿ 1 ಮತ್ತು 10 ಮಾಡಿಕೊಂಡೆವು, ಪ್ಲಾಸ್ಟಿಕ್ ಬಾಟಲಿಯಲ್ಲೇ, ಗಾಜಿನಲ್ಲಲ್ಲ. ಎಲೆಕ್ಟ್ರೋಡ್ ಸರಿಯಿದ್ದರೆ ಈ ಎರಡರ ನಡುವೆ 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು, 57 ಬಂತು, ಪರವಾಗಿಲ್ಲ. ಸ್ಯಾಂಪಲ್ಲಿಗೆ ಸಮಸಮ ಟಿಸಾಬ್ ಅನ್ನೋ ದ್ರಾವಣ ಬೆರೆಸಿದೆವು, ಅದರಲ್ಲಿರುವ ಒಂದು ಪದಾರ್ಥ ಅಲ್ಯೂಮಿನಿಯಂ ಅನ್ನು ತಾನು ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುತ್ತದೆ. 1.8. ಮತ್ತೆ ಮಾಡಿದೆವು. ಮತ್ತೆ 1.8.

ಇಷ್ಟು ಅಲ್ಯೂಮಿನಿಯಂ ಉಳಿದದ್ದು ಯಾಕೆ? ಸುಣ್ಣ ಜಾಸ್ತಿ ಆಗಿತ್ತು. ಆಲಂನ ಇಪ್ಪತ್ತನೇ ಒಂದು ಪಾಲು ಸಾಕು, ಆದರೆ ನಾವು ಕೊಟ್ಟದ್ದು ಟೀ ಚಮಚದ ಲೆಕ್ಕ, ಅದೂ ಗೋಪುರದ ಹಾಗೆ ತುಂಬಿದ್ದು. ಸುಣ್ಣದಿಂದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿದರೆ ಕೆಳಗೆ ಕೂರಬೇಕಾದ ಅಲ್ಯೂಮಿನಿಯಂ ಮತ್ತೆ ಕರಗುತ್ತದೆ, ಗಸಿಗೆ ಫ್ಲೋರೈಡ್ ಅಂಟುವುದೂ ಕಮ್ಮಿಯಾಗುತ್ತದೆ. ಅಂದರೆ ಒಂದೇ ತಪ್ಪಿನಿಂದ ನೀರು ಕೆಟ್ಟಿತು, ರಿಸಲ್ಟ್ ಚೆನ್ನಾಯಿತು!

ಕಷ್ಟದ ಕೆಲಸ ಬಾಕಿ ಇತ್ತು. ನಾಲ್ಕು ವಾರದಿಂದ ಆ ನೀರು ಕುಡಿಯುತ್ತಿದ್ದ ಮನೆಗೆ ಹೋಗಿ ಹೇಳಿದೆವು. ಮನೆಯಾಕೆ ಕೇಳಿದ್ದು ಒಂದೇ: 'ಹಂಗಾದ್ರೆ ಇಷ್ಟು ದಿನ ಕುಡಿದಿದ್ದು?' ಮೊದಲಿನದಕ್ಕಿಂತ ಅರ್ಧ ಕಮ್ಮಿ, ಆದರೆ ನಾವು ಹೇಳಿದಷ್ಟು ಒಳ್ಳೆಯದಲ್ಲ ಅಂದೆ. ಅಲ್ಯೂಮಿನಿಯಂ ವಿಷಯವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಕಾಫಿ ಕೊಟ್ಟರು, ಅದೇನೋ ಇನ್ನೂ ಮುಜುಗರ.

ಸದ್ಯಕ್ಕೆ ಆ ಮನೆಯವರು ಟ್ಯಾಂಕರ್ ನೀರು ಕುಡಿಯುತ್ತಿದ್ದಾರೆ. ನನಗಂತೂ ಅಡುಗೆ, ಕುಡಿಯುವುದಕ್ಕಷ್ಟೇ ಆದರೆ ಮಾಡಿನ ಮಳೆನೀರು ಈ ಬಕೆಟ್ಟಿಗಿಂತ ವಾಸಿ ಅನಿಸುತ್ತಿದೆ, ಅದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು. ಮೇಷ್ಟ್ರು ಒಪ್ಪುವುದಿಲ್ಲ, ಮಳೆ ಎಲ್ಲಯ್ಯಾ ಇಲ್ಲಿ ಅಂತಾರೆ. ಮುಂದಿನ ವಾರಕ್ಕೆ ಪಿವಿಸಿ ಪೈಪ್ ಕತ್ತರಿಸಿ ಸುಣ್ಣಕ್ಕೊಂದು ಅಳತೆ ಮಾಡಿದ್ದೇನೆ, ತಲೆ ಸಮ ಗೀರಿದರೆ ಸರಿಯಾದ ಪ್ರಮಾಣ. ಪಿಎಚ್ ಪೇಪರ್ ತಂದಾಯಿತು. ಅಲ್ಯೂಮಿನಿಯಂ ಪರೀಕ್ಷೆಯ ಕಿಟ್ ಇನ್ನೂ ಬಂದಿಲ್ಲ. ನೀರಲ್ಲಿ ಅಲ್ಯೂಮಿನಿಯಂನ ಮಿತಿ 0.03, ಹೆಚ್ಚೆಂದರೆ 0.2. ಕಿಟ್ ಬಂದು, ಎಲೆಕ್ಟ್ರೋಡ್ ಮೂರು ಸಲ 1ಕ್ಕಿಂತ ಕಮ್ಮಿ ತೋರಿಸುವ ತನಕ ಆ ನೀರನ್ನು ನಾವೇ ತೆಂಗಿನ ಗಿಡಕ್ಕೆ ಹಾಕುತ್ತೇವೆ.