ಯೆಜ್ಡಿ ನಿಂತಾಗ ಅಪ್ಪ ಜೆ.ಸಿ. ರೋಡಿಗೆ ಹೊರಟರು

ಯೆಜ್ಡಿ ಬೈಕಿನ ತಯಾರಿಕೆ ನಿಂತಾಗ ಜಾಸ್ತಿ ಗೋಳಾಡಿದವರು ಯೆಜ್ಡಿ ಇಲ್ಲದವರು. ಇದ್ದವರಿಗೆ ಗೋಳಾಡೋಕೆ ಪುರುಸೊತ್ತಿರಲಿಲ್ಲ. ಅವರು ಸ್ಪೇರ್ ಪಾರ್ಟ್ಸ್ ಹುಡುಕಿಕೊಂಡು ಅಲೆಯುತ್ತಿದ್ದರು. ನಮ್ಮಪ್ಪ ಈ ಎರಡನೇ ಗುಂಪಿನವರು.

ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಒಂದೆರಡು ಮಾತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು. 1961ರಲ್ಲಿ ಅದನ್ನು ಉದ್ಘಾಟಿಸಿದ್ದು ಜಯಚಾಮರಾಜೇಂದ್ರ ಒಡೆಯರ್. ಮೊದಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಲ್ಲೇ ಬೈಕುಗಳು ಬಂದವು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬಂತು. 1978ರಲ್ಲಿ ರೋಡ್‌ಕಿಂಗ್ ಅನ್ನುವ ಯೆಜ್ಡಿ ಮಾದರಿ ಬಂತು. 1996ರಲ್ಲಿ ಫ್ಯಾಕ್ಟರಿ ನಿಂತೇ ಹೋಯಿತು.

ನಾನು ಆಗ ಕಾಲೇಜಿನಲ್ಲಿದ್ದೆ. ನಮ್ಮ ಬೀದಿಯಲ್ಲೂ 'ಜಾವಾ ಫ್ಯಾಕ್ಟರಿಯವರು' ಇದ್ದರು. ಹಾಗಂದರೆ ಸಾಕಿತ್ತು, ಬೇರೆ ವಿಳಾಸ ಬೇಕಿರಲಿಲ್ಲ. ಆ ದಿನಗಳಲ್ಲಿ ಅವರಲ್ಲೊಬ್ಬರಾದ ಎದುರುಮನೆ ಅಂಕಲ್ ಬೈಕಿನ ಬಗ್ಗೆ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ. ಮಗಳ ಮದುವೆ ಮಾತಾಡುತ್ತಿದ್ದರು. ಚೀಟಿ ದುಡ್ಡಿನ ಮಾತಾಡುತ್ತಿದ್ದರು. ಬೈಕಿನ ದುಃಖವೆಲ್ಲ ಅಪ್ಪನ ಆಫೀಸಿನಲ್ಲಿತ್ತು.

'ಛೆ, ಎಂಥಾ ಗಾಡಿ ಸಾರ್! ಆ ಶಬ್ದ ಇನ್ನು ಎಲ್ಲಿ ಕೇಳೋಣ!' ಊಟದ ಹೊತ್ತಲ್ಲಿ ಇದೇ ಮಾತಂತೆ. ಒಂದು ದಿನ ಅಪ್ಪ ತಡೆಯಲಾರದೆ ಕೇಳಿದರಂತೆ, 'ಅಷ್ಟೊಂದು ಪ್ರೀತಿ ಇದ್ದರೆ ನೀನ್ಯಾಕಯ್ಯ ತಗೊಳ್ಳಲಿಲ್ಲ?' ಆ ಮನುಷ್ಯ ಡಬ್ಬಿ ಮುಚ್ಚುತ್ತಾ, 'ಮೈಲೇಜ್ ಇಲ್ವಲ್ಲ ಸಾರ್' ಅಂದರಂತೆ. ಸಂಜೆ ಹೀರೋ ಹೋಂಡಾ ಹತ್ತಿ ಮನೆಗೆ ಹೋದರಂತೆ.

ಆ ಉತ್ತರದಲ್ಲೇ ಎಲ್ಲಾ ಇದೆ ಅಂತ ನನಗೆ ಈಗಲೂ ಅನಿಸುತ್ತದೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಲೀಟರಿಗೆ 80 ಕಿಲೋಮೀಟರ್ ಅನ್ನುವ ಮಾತು ಮನೆಮನೆಗೆ ಮುಟ್ಟಿತು. ನಮ್ಮ 250 ಸಿಸಿ ಟೂ ಸ್ಟ್ರೋಕ್ 30ರ ಆಸುಪಾಸು ಕೊಟ್ಟರೆ ಅಪ್ಪ ಖುಷಿಪಡುತ್ತಿದ್ದರು. ಪೆಟ್ರೋಲ್ ಜೊತೆಗೆ ಆಯಿಲ್ ಬೇರೆ ಅಳೆದು ಹಾಕಬೇಕು. 1996ರಲ್ಲೇ ಹೊಗೆಯ ನಿಯಮಗಳೂ ಬಿಗಿಯಾದವು. ಯಮಹಾ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಕಾರ್ಮಿಕರ ಗಲಾಟೆ ಅಂದರು, ಸಾಲ ಅಂದರು. ಅವೂ ಇದ್ದವು. ಆದರೆ ಶಬ್ದ ಕೇಳಿ ಮೆಚ್ಚುವವರಿಂದ ಫ್ಯಾಕ್ಟರಿ ನಡೆಯುತ್ತಾ? ಗಾಡಿ ಕೊಳ್ಳುವವರು ಬೇಕು.

ಮಂಡಿ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಭಾಯ್ ಮಾತ್ರ ಲೆಕ್ಕಾಚಾರದ ಮನುಷ್ಯ. ಸುದ್ದಿ ಖಚಿತವಾದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಸಿಗರೇಟ್ ಪ್ಯಾಕಿನ ಒಳಗಡೆ ಒಂದು ಪಟ್ಟಿ ಬರೆದರು. ಪಿಸ್ಟನ್, ರಿಂಗ್ ಸೆಟ್, ಪಾಯಿಂಟ್, ಕಂಡೆನ್ಸರ್, ಕಾರ್ಕ್ ಕ್ಲಚ್ ಪ್ಲೇಟ್, ಕಿಕ್ಕರ್ ಶಾಫ್ಟ್. 'ಸಾರ್, ಮೈಸೂರಲ್ಲಿ ಎಲ್ಲಾರೂ ಇದನ್ನೇ ಹುಡುಕ್ತಾವ್ರೆ. ಬೆಂಗ್ಳೂರಿಗೆ ಹೋಗ್ಬುಡಿ. ಈಗ್ಲೇ ಹೋಗಿ.'

ಅಪ್ಪ ರೈಲಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ಭಾನುವಾರ ಅಂಗಡಿ ಇರಲ್ಲ ಅಂತ ಶನಿವಾರ ರಜೆ ಹಾಕಿ, ಬೆಳಗ್ಗೆ ಆರಕ್ಕೇ ರೋಡ್‌ಕಿಂಗ್ ಹೊರಗೆ ತೆಗೆದರು. 'ನೀನೂ ಬಾ ಪುಟ್ಟಿ, ಚೀಲ ಹಿಡ್ಕೊಳ್ಳೋಕೆ ಒಬ್ಬರು ಬೇಕು' ಅಂದರು. ಆ ಗಾಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಎಡಗಡೆ ಇರುವ ಗೇರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ಮತ್ತೆ ಗೇರಿನ ಜಾಗಕ್ಕೆ ತರಬೇಕು. ಹೊಸಬರು ಎಷ್ಟೋ ಜನ ಕಿಕ್ಕರ್ ಎಲ್ಲಿದೆ ಅಂತ ಬಲಗಡೆ ತಡಕಾಡುತ್ತಿದ್ದರು.

ಮದ್ದೂರಿನಲ್ಲಿ ವಡೆ ತಿನ್ನಲು ನಿಂತೆವು. ಪಕ್ಕದಲ್ಲೇ ಇನ್ನೊಂದು ಯೆಜ್ಡಿ ನಿಂತಿತ್ತು. ಎರಡೂ ಕಡೆ ಹಾಲಿನ ಕ್ಯಾನು, ಸೀಟಿನ ಮೇಲೆ ಗೋಣಿಚೀಲ, ಟ್ಯಾಂಕಿನ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಅಪ್ಪ ಆ ಹಾಲಿನವರ ಹತ್ತಿರ ಹೋಗಿ, 'ಫ್ಯಾಕ್ಟರಿ ಮುಚ್ಚೋಯ್ತಂತಲ್ಲ' ಅಂತ ಮಾತು ತೆಗೆದರು. ಆತ ಹಗ್ಗ ಬಿಗಿಯುತ್ತಲೇ ಹೇಳಿದ್ದು ಹೀಗೆ: 'ನಿಂತೋದ್ರೆ ನಿಂತೋಗ್ಲಿ ಬುಡಿ ಸಾ. ನನ್ ಗಾಡಿ ನಿಂತಿಲ್ವಲ್ಲ.' ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ, ಹೊಗೆ ಬಿಟ್ಟುಕೊಂಡು ಹೊರಟೇ ಹೋದರು. ಆವತ್ತು ಕೇಳಿದ ಅಷ್ಟೂ ಮಾತಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಆಗಲೇ ಜನ. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. (ಜೆ.ಸಿ. ಅಂದರೆ ಅದೇ ಜಯಚಾಮರಾಜೇಂದ್ರ. ಫ್ಯಾಕ್ಟರಿ ಉದ್ಘಾಟಿಸಿದವರ ಹೆಸರಿನ ರಸ್ತೆಯಲ್ಲೇ ಅದರ ಕೊನೆಯ ಪಿಸ್ಟನ್ನಿಗೆ ಕಿತ್ತಾಟ!) ಒಬ್ಬರು ಕೋಲಾರದಿಂದ ಬಂದಿದ್ದರು. ಇನ್ನೊಬ್ಬರು ಜಾವಾ ಇಟ್ಟುಕೊಂಡವರು, ಯೆಜ್ಡಿಯವರನ್ನು ಸ್ವಲ್ಪ ಕೆಳಗಿನವರ ಹಾಗೆ ನೋಡುತ್ತಿದ್ದರು. 'ನಮ್ಮದಕ್ಕೆ ಸ್ಪೇರ್ ಸಿಗೋದು ನಿಂತು ಎಷ್ಟೋ ವರ್ಷ ಆಯ್ತು, ನೀವು ಈಗ ಅಳ್ತಾ ಇದ್ದೀರಿ' ಅಂತ ಹೇಳಿ ಎಲ್ಲರನ್ನೂ ನಗಿಸಿದರು. ಮದುವೆಮನೆಯ ಹಾಗೆ ಗುರುತಿಲ್ಲದವರೆಲ್ಲ ಮಾತಾಡುತ್ತಿದ್ದರು. ಕಂಪನಿ ಬೈದವರು ಒಬ್ಬಿಬ್ಬರು, ಸರ್ಕಾರ ಬೈದವರು ಜಾಸ್ತಿ. ಆದರೂ ಒಳಗಿಂದ ಹುಡುಗ ಪೊಟ್ಟಣ ತಂದರೆ ಸಾಕು, ಎಲ್ಲರ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅಪ್ಪನ ಸರದಿ ಬಂದಾಗ ಅಂಗಡಿಯವರು ಹಳೇ ಬೆಲೆ ಅಂಟಿಸಿದ ಪೊಟ್ಟಣ ಕೊಟ್ಟು ಹೊಸ ಬೆಲೆ ಹೇಳಿದರು. ಅಪ್ಪ ಚೌಕಾಸಿ ಮಾಡುವವರೇ, ಆದರೆ ಹಿಂದೆ ನಿಂತವರು, 'ನೀವು ಬೇಡ ಅಂದ್ರೆ ನಾನು ತಗೋತೀನಿ ಸಾರ್' ಅಂದುಬಿಟ್ಟರು. ಅಪ್ಪ ತೆಪ್ಪಗೆ ಪರ್ಸ್ ತೆಗೆದರು. ಎಣ್ಣೆ ಕಾಗದ ಸುತ್ತಿದ ಪಿಸ್ಟನ್ ನನ್ನ ಮಡಿಲಿಗೆ ಬಂತು. ಕಾರ್ಕ್ ಪ್ಲೇಟುಗಳನ್ನು ಅಪ್ಪ ಬೆಳಕಿಗೆ ಹಿಡಿದು, ಉಗುರಲ್ಲಿ ಕೆರೆದು, ಮೂಸಿ ನೋಡಿ ತಗೊಂಡರು. ಮೂಸಿ ಏನು ಗೊತ್ತಾಗುತ್ತೆ ಅಂತ ನಾನು ಕೇಳಲಿಲ್ಲ. ಅಮ್ಮ ಹುಣಸೆಹಣ್ಣು ಕೊಳ್ಳುವಾಗಲೂ ಅವರು ಹಾಗೇ ಮಾಡುತ್ತಿದ್ದರು.

ವಾಪಸ್ ಬರುವಾಗ ಚನ್ನಪಟ್ಟಣ ದಾಟಿದ ಮೇಲೆ ಕ್ಲಚ್ ಕೇಬಲ್ ಕಿತ್ತುಹೋಯಿತು. ಹಳೇ ಕೇಬಲ್, ಆಯಸ್ಸು ಮುಗಿದಿತ್ತು. ಚೀಲದಲ್ಲಿ ಒಂದು ಎಂಜಿನ್ ಕಟ್ಟುವಷ್ಟು ಸಾಮಾನಿತ್ತು, ಕೇಬಲ್ ಮಾತ್ರ ಇರಲಿಲ್ಲ. ಅದು ಭಾಯ್ ಪಟ್ಟಿಯಲ್ಲೇ ಇರಲಿಲ್ಲ, ಎಲ್ಲಿ ಬೇಕಾದರೂ ಸಿಗುವ ವಸ್ತು. ನಾನು ಹೆದರಿದೆ. ಅಪ್ಪ ಮಾತ್ರ ನಕ್ಕು, 'ಈಗ ನೋಡು' ಅಂದರು.

ಈ ಗಾಡಿಯಲ್ಲಿ ಗೇರ್ ಲಿವರ್ ತುಳಿದಾಗ ಅದೇ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಅಪ್ಪ ಫಸ್ಟ್ ಗೇರ್ ತುಳಿದು ಹಾಗೇ ಹಿಡಿದುಕೊಂಡರು. ಆಕ್ಸಿಲರೇಟರ್ ಕೊಡುತ್ತಾ ಪಾದವನ್ನು ನಿಧಾನಕ್ಕೆ ಸಡಿಲಿಸಿದರು. ಗಾಡಿ ಒಂದು ಸಲ ಜರ್ಕ್ ಹೊಡೆದು ಮುಂದಕ್ಕೆ ಹೋಯಿತು. ಮಂಡ್ಯದ ಸಂತೆ ಜನ, ಎತ್ತಿನಗಾಡಿ, ಲಾರಿಗಳ ನಡುವೆ ನಿಲ್ಲಿಸಿ ಹೊರಡಿಸಿ, ಮೈಸೂರಿನ ತನಕ ಬರೀ ಕಾಲಲ್ಲೇ ಓಡಿಸಿದರು. ದಾರಿಯುದ್ದಕ್ಕೂ ಹಾಡು ಬೇರೆ. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಜಾಸ್ತಿ ಸಲ ನೋಡಿಲ್ಲ.

ಆಮೇಲಿನ ವರ್ಷಗಳ ಕಥೆ ಗೊತ್ತಿರುವುದೇ. ಮೊದಲು ಜನ ಯೆಜ್ಡಿಗಳನ್ನು ಬಂದಷ್ಟಕ್ಕೆ ಮಾರಿದರು, ಕೆಲವನ್ನು ಗುಜರಿಗೂ ಹಾಕಿದರು. ಆಮೇಲೆ ಅದೇ ಗಾಡಿಗೆ ಲಕ್ಷಗಳ ಮಾತು ಬಂತು. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಊರೂರಲ್ಲಿ ಸವಾರರು ಸೇರುತ್ತಾರೆ. ಕಂಪನಿ ದಿವಾಳಿಯಾಗಿ, ಹೆಸರು ಯಾರದು ಅನ್ನುವುದು ಹೈಕೋರ್ಟ್ ಮೆಟ್ಟಿಲೂ ಹತ್ತಿತು. 2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಬಂದವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಯೆಜ್ಡಿ 334 ಸಿಸಿ ಫೋರ್ ಸ್ಟ್ರೋಕ್, ಕಿಕ್ಕರ್ರೇ ಇಲ್ಲ. ಅಪ್ಪ ನೋಡಿ, 'ಚೆನ್ನಾಗಿದೆ, ಬೇರೆಯವರ ಮಗು' ಅಂದರು. ನನಗೆ ಅದು ಸ್ವಲ್ಪ ಅನ್ಯಾಯದ ಮಾತು ಅನಿಸಿತು. ಹೊಸದನ್ನು ದುಡ್ಡು ಕೊಟ್ಟು ಕೊಳ್ಳುವವರು ಸುಮ್ನೆ ನಿಟ್ಟುಸಿರು ಬಿಡುವವರಿಗಿಂತ ಎಷ್ಟೋ ಮೇಲು.

ಆವತ್ತು ತಂದದ್ದರಲ್ಲಿ ಅರ್ಧ ಇನ್ನೂ ಬಿಸ್ಕತ್ ಡಬ್ಬಿಯಲ್ಲಿ ಅಟ್ಟದ ಮೇಲಿತ್ತು. ಬೆಂಗಳೂರಿನಿಂದ ಒಬ್ಬರು ಬಂದು ಪೂರ್ತಿ ಡಬ್ಬಿಗೆ ದೊಡ್ಡ ಮೊತ್ತ ಹೇಳಿದರು. ಅವರ ಮನೆಯಲ್ಲಿ ಗಾಜಿನ ಬೀರು ಇದೆಯಂತೆ. ಅಪ್ಪ ಕಾಫಿ ಕೊಟ್ಟು ಕಳಿಸಿದರು. ಆಮೇಲೊಂದು ಸಲ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಕ್ಲಚ್ ಪ್ಲೇಟ್ ಇದೆಯಾ ಅಂತ ಕೇಳಿಕೊಂಡು ಬಂದ. ಯೆಜ್ಡಿ ನಿಂತಾಗ ಹುಟ್ಟೇ ಇರಲಿಲ್ಲ ಅವನು.

'ಗಾಡಿ ದಿನಾ ಓಡಿಸ್ತೀಯೋ, ಭಾನುವಾರ ಮಾತ್ರಾನೋ?' ಅಂತ ಅಪ್ಪ ಕೇಳಿದರು.

'ದಿನಾ ಅದರಲ್ಲೇ ಕಾಲೇಜಿಗೆ ಹೋಗ್ತೀನಿ ಅಂಕಲ್. ಈಗ ಕ್ಲಚ್ ಸ್ಲಿಪ್ ಆಗಿ ಬಸ್ಸಲ್ಲಿ ಹೋಗ್ತಿದೀನಿ.'

ಅಪ್ಪ ನನ್ನ ಕೈಲಿ ಡಬ್ಬಿ ಇಳಿಸಿ ಪ್ಲೇಟುಗಳನ್ನು ತೆಗೆದರು. ಹುಡುಗ ಎಷ್ಟು ಅಂತ ಕೇಳಿದ. ಪೊಟ್ಟಣದ ಮೇಲಿನ ಹಳೇ ಬೆಲೆ ತೋರಿಸಿ, 'ಇಷ್ಟು ಕೊಡು' ಅಂದರು. ಅವನ ಹತ್ತಿರ ಅಷ್ಟು ಚಿಲ್ಲರೆ ಇರಲಿಲ್ಲ. ಒಳಗಿಂದ ಅಮ್ಮ, 'ಸುಮ್ನೆ ಕೊಟ್ಟು ಕಳಿಸ್ರೀ, ಅಟ್ಟದಲ್ಲಿ ಒಂದು ಸಾಮಾನಾದ್ರೂ ಕಮ್ಮಿ ಆಯ್ತಲ್ಲ' ಅಂದರು.